ಇ-ಸಿಮ್ ಹಾಕಿಸುವ ಮೊದಲು ನಾನು ಕೌಂಟರ್‌ನಲ್ಲಿ ಹೇಳುವ ಮಾತು

ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ನನ್ನ ಕೆಲಸ. ಉಡುಪಿ, ಕುಂದಾಪುರ, ವಿಜಯಪುರ ಕಡೆಯವರು ಕನ್ನಡದಲ್ಲೇ ಕೇಳಬಹುದಲ್ವಾ ಅಂತ ನನ್ನ ಕೌಂಟರ್‌ಗೇ ಬರುತ್ತಾರೆ. ಈಚೆಗೆ ಜಾಸ್ತಿ ಕೇಳುವ ಪ್ರಶ್ನೆ ಇದು: ಇ-ಸಿಮ್ ಅಂದ್ರೆ ಒಳಗೆ ಸಿಮ್ಮೇ ಇರಲ್ವಾ?

ಇರುತ್ತದೆ. ಫೋನ್ ತಯಾರಾಗುವಾಗಲೇ ಬೋರ್ಡಿಗೆ ಬೆಸುಗೆ ಹಾಕಿ ಕೂರಿಸಿದ ಚಿಪ್ ಅದು. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿ ನೋಡಿ. ಐಎಂಇಐ ಜೊತೆಗೆ ಇಐಡಿ ಅಂತ 32 ಅಂಕಿಯ ನಂಬರ್ ಬಂದರೆ ನಿಮ್ಮ ಫೋನಿನಲ್ಲಿ ಅದು ಇದೆ ಅಂತ ಲೆಕ್ಕ. ಅಮೆರಿಕದಿಂದ ಮಕ್ಕಳು ತಂದುಕೊಡುವ ಐಫೋನ್ 14 ಮತ್ತು ಆಮೇಲಿನ ಫೋನುಗಳಲ್ಲಿ ಸಿಮ್ ಟ್ರೇಯೇ ಇಲ್ಲ, ಅಲ್ಲಿ ಬೇರೆ ದಾರಿಯೂ ಇಲ್ಲ.

ಆ ಚಿಪ್ಪಿಗೆ ಸಿಮ್ ಕಂಪನಿಯವರು ಇಳಿಸುವುದು ಪ್ರೊಫೈಲ್. ಅದರಲ್ಲಿ ನಿಮ್ಮ ಸಂಪರ್ಕದ ಗುರುತಿನ ನಂಬರ್ ಇರುತ್ತದೆ, ಒಂದು ಗುಟ್ಟಿನ ಕೀ ಇರುತ್ತದೆ. ನೀವು ಎಲ್ಲರಿಗೂ ಕೊಡುವ ಹತ್ತು ಅಂಕಿಯ ನಂಬರ್ ಯಾವ ಗುರುತಿಗೆ ಸೇರಿದ್ದು ಅನ್ನುವ ಲೆಕ್ಕ ಕಂಪನಿಯ ಕಂಪ್ಯೂಟರಿನಲ್ಲಿ ಇರುತ್ತದೆ. ಫೋನ್ ಆನ್ ಮಾಡಿದಾಗ ನೆಟ್‌ವರ್ಕ್ ಯಾವುದೋ ಒಂದು ಸಂಖ್ಯೆ ಕಳಿಸುತ್ತದೆ, ಚಿಪ್ ಆ ಕೀ ಬಳಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ, ಉತ್ತರ ಸರಿಹೊಂದಿದರೆ ಸಿಗ್ನಲ್. ಕೀ ಮಾತ್ರ ಚಿಪ್ ಬಿಟ್ಟು ಹೊರಗೆ ಬರುವುದೇ ಇಲ್ಲ. ಪ್ಲಾಸ್ಟಿಕ್ ಸಿಮ್‌ನಲ್ಲೂ ನಡೆಯುವುದು ಇದೇ.

ಜನ ಜಾಸ್ತಿ ತಪ್ಪು ತಿಳಿಯುವುದು ಕ್ಯೂಆರ್ ಕೋಡ್ ವಿಷಯದಲ್ಲಿ. ಅದೇ ಸಿಮ್ ಅಂದುಕೊಂಡು ಪ್ರಿಂಟ್ ತೆಗೆದು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಇರುವುದು ಇಷ್ಟೇ: ಕಂಪನಿಯ ಸರ್ವರಿನ ವಿಳಾಸ, ನಿಮ್ಮ ಪ್ರೊಫೈಲನ್ನು ಬಿಡಿಸಿಕೊಳ್ಳುವ ಕೋಡ್. ಕೊರಿಯರ್ ಆಫೀಸಿನ ಟೋಕನ್ ಇದ್ದ ಹಾಗೆ. ಒಮ್ಮೆ ಪಾರ್ಸೆಲ್ ಕೈಗೆ ಬಂದ ಮೇಲೆ ಸಾಮಾನ್ಯವಾಗಿ ಆ ಟೋಕನ್ ನಡೆಯುವುದಿಲ್ಲ. ಪ್ರೊಫೈಲ್ ಇಳಿಯುವಾಗ ಇಂಟರ್ನೆಟ್ ಬೇಕೇ ಬೇಕು, ಹಳೇ ಸಿಮ್ ಅಷ್ಟರಲ್ಲಿ ಬಂದ್ ಆಗಿರಬಹುದು. ಅದಕ್ಕೇ ನಾನು ಮೊದಲು ವೈ-ಫೈ ಹಾಕಿಸಿ ಆಮೇಲೆ ಮುಂದಿನ ಕೆಲಸ ಶುರು ಮಾಡುತ್ತೇನೆ.

ಠಾಣೆ ನಗರದಲ್ಲಿ ಕ್ಯಾಂಟೀನ್ ನಡೆಸುವ ಅಣ್ಣ ಒಬ್ಬರು ಒಂದು ಶನಿವಾರ ಸಂಜೆ ಬಂದರು. ಫೋನ್ ಸ್ಲೋ ಆಗಿದೆ ಅಂತ ಮಗ ರೀಸೆಟ್ ಮಾಡಿದ್ದ. ಇ-ಸಿಮ್ ಉಳಿಸಬೇಕಾ ಅಳಿಸಬೇಕಾ ಅಂತ ಫೋನ್ ಕೇಳಿದಾಗ ಸುಮ್ನೆ ಅಳಿಸು ಅಂತ ಒತ್ತಿಬಿಟ್ಟಿದ್ದ. ಅಣ್ಣ ಹಳೇ ಪ್ರಿಂಟ್ ನನ್ನ ಮುಂದಿಟ್ಟು, "ಇದನ್ನೇ ಸ್ಕ್ಯಾನ್ ಮಾಡಿ ಕೊಡು ಮಾರಾಯ, ರಾತ್ರಿ ಹಾಲಿನವನಿಗೆ ದುಡ್ಡು ಹಾಕಬೇಕು" ಅಂದರು. ಸ್ಕ್ಯಾನ್ ಮಾಡಿದೆ, ಆಗಲಿಲ್ಲ. ಆಧಾರ್ ನೋಡಿ, ಬೆರಳಚ್ಚು ತಗೊಂಡು ಹೊಸ ಕೋಡ್ ತರಿಸಿದ ಮೇಲೆ ಸಿಗ್ನಲ್ ಏನೋ ಬಂತು. ಆದರೆ ನಮ್ಮ ದೇಶದಲ್ಲಿ ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಒಟಿಪಿ ಇಲ್ಲ. ರೀಸೆಟ್ ಆದ ಫೋನಿನಲ್ಲಿ ಯುಪಿಐ ಮತ್ತೆ ನೋಂದಾಯಿಸಬೇಕಾದರೆ ನಮ್ಮ ಕಡೆಯಿಂದ ಎಸ್‌ಎಂಎಸ್ ಹೋಗಬೇಕು, ಅದೂ ಆಗಲಿಲ್ಲ. ಆವತ್ತು ಅವರು ಹಾಲಿನವನಿಗೆ ನಗದು ಕೊಟ್ಟರು.

ಈ 24 ಗಂಟೆಯ ನಿಯಮಕ್ಕೆ ಜನ ನನ್ನ ಮೇಲೆ ಸಿಟ್ಟಾಗುತ್ತಾರೆ. ನನಗೆ ಮಾತ್ರ ಇದು ತುಂಬಾ ಒಳ್ಳೇ ನಿಯಮ ಅನಿಸುತ್ತದೆ. ಯಾಕಂದ್ರೆ ಕಸ್ಟಮರ್ ಕೇರ್ ಅಂತ ಫೋನ್ ಮಾಡಿ, ನಿಮ್ಮ ಹೆಸರಲ್ಲಿ ಇ-ಸಿಮ್‌ಗೆ ಅರ್ಜಿ ಹಾಕಿ, ನಿಮ್ಮಿಂದಲೇ ಒಪ್ಪಿಗೆ ಪಡೆದು ಪ್ರೊಫೈಲನ್ನು ತಮ್ಮ ಫೋನಿಗೆ ಇಳಿಸಿಕೊಳ್ಳುವ ಮೋಸಗಾರರಿದ್ದಾರೆ. ಅವರ ಕೈಗೆ ನಂಬರ್ ಹೋದರೂ ಆ ಒಂದು ದಿನ ಒಟಿಪಿ ಎಸ್‌ಎಂಎಸ್ ಹೋಗುವುದಿಲ್ಲ. ನಿಮಗೆ ಸಿಗುವ ಸಮಯ ಅಷ್ಟೇ.

ಹಾಗಂತ ಇ-ಸಿಮ್ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸಂಜೆ ಹೊತ್ತಿನ ಲೋಕಲ್ ರೈಲಿನಲ್ಲಿ ಫೋನ್ ಹೊಡೆಸಿಕೊಂಡವರು ವಾರ ವಾರ ಬರುತ್ತಾರೆ. ಪ್ಲಾಸ್ಟಿಕ್ ಸಿಮ್ ಆದರೆ ಕಳ್ಳ ಪಿನ್ ಚುಚ್ಚಿ ತೆಗೆದು ಬೇರೆ ಫೋನಿಗೆ ಹಾಕಿ ನಿಮ್ಮ ಒಟಿಪಿ ಓದಬಹುದು. ಬೋರ್ಡಿಗೆ ಅಂಟಿದ ಚಿಪ್ಪನ್ನು ಹಾಗೆ ಕೀಳಲಾಗುವುದಿಲ್ಲ. ಸ್ಕ್ರೀನ್ ಲಾಕ್ ಗಟ್ಟಿ ಇರಬೇಕು, ಲಾಕ್ ಸ್ಕ್ರೀನಿನ ಮೇಲೆ ಮೆಸೇಜ್ ಕಾಣದ ಹಾಗೆ ಇಟ್ಟಿರಬೇಕು, ಅಷ್ಟೇ.

ಹೊಸ ಫೋನ್ ತಗೊಂಡರೆ, ಹಳೇದರಲ್ಲಿ ಇ-ಸಿಮ್ ಅಳಿಸುವ ಮೊದಲು ಹೊಸದರಲ್ಲಿ ಸಿಗ್ನಲ್ ಬಂತಾ ನೋಡಿ. ಕಂಪನಿಯ ಆ್ಯಪ್‌ನಲ್ಲಿ ನೀವೇ ಕೇಳದೆ ಬಂದ ಇ-ಸಿಮ್ ಮೆಸೇಜಿಗೆ ಒಪ್ಪಿಗೆ ಕೊಡಬೇಡಿ. ಪಕ್ಕದವರ ಫೋನಿಗೆಲ್ಲ ಸಿಗ್ನಲ್ ಇದ್ದು ನಿಮ್ಮದು ಮಾತ್ರ ಇದ್ದಕ್ಕಿದ್ದ ಹಾಗೆ ಸತ್ತರೆ, ಬೆಳಗ್ಗೆ ನೋಡೋಣ ಅಂತ ಮಲಗಬೇಡಿ, ಬೇರೆ ಫೋನಿನಿಂದ ಆಗಲೇ ಕಂಪನಿಗೆ ಹೇಳಿ ನಂಬರ್ ಬಂದ್ ಮಾಡಿಸಿ, ಬ್ಯಾಂಕಿಗೆ ಹೇಳಿ, ದುಡ್ಡು ಹೋಗಿದ್ದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.