ಸೋಲೋ ಟೀಮಿನ ಹುಡುಗೀರಿಗೆ ನಿಜವಾಗ್ಲೂ ಬೇಜಾರಾಗೋದು ಯಾವುದಕ್ಕೆ

ಮೊದಲೇ ಹೇಳಿಬಿಡ್ತೀನಿ, ನಮ್ಮ ಟೀಮು ಸೋಲತ್ತೆ. ಒಂದೆರಡು ರನ್ನಲ್ಲಿ ಅಲ್ಲ, 14-2, 11-0 ಆ ಥರ. ನಾವಿರೋದು ನ್ಯೂಜೆರ್ಸಿಲಿ, ಇಲ್ಲಿನ ಟೌನ್ ಲೀಗಲ್ಲಿ ಹತ್ತು ವರ್ಷದೊಳಗಿನ ಹುಡುಗೀರ ಸಾಫ್ಟ್‌ಬಾಲ್ (ಬೇಸ್‌ಬಾಲ್ ಥರದ್ದೇ ಆಟ, ನಾಲ್ಕು ಬೇಸ್ ಸುತ್ತಿ ಬಂದ್ರೆ ಒಂದು ರನ್), 10ಯು ಅಂತಾರೆ. ಬೇರೆ ಟೀಮುಗಳಲ್ಲಿ ಮಕ್ಕಳು ವರ್ಷಗಟ್ಟಲೆ ಒಟ್ಟಿಗೆ ಆಡ್ಕೊಂಡು ಬಂದಿದಾರೆ, ನಮ್ಮದು ಲೇಟಾಗಿ ಹೆಸರು ಕೊಟ್ಟೋರನ್ನೆಲ್ಲ ಸೇರಿಸಿ ಈ ಸ್ಪ್ರಿಂಗ್‌ಗೆ ಹೊಸದಾಗಿ ಮಾಡಿದ ಟೀಮು, ಅರ್ಧಕ್ಕರ್ಧ ಹುಡುಗೀರು ಗ್ಲೌಸ್ ಯಾವ ಕೈಗೆ ಹಾಕೋದು ಅಂತ ಕೇಳಿದೋರು. ಹೆಡ್ ಕೋಚ್ ಇಲ್ಲಿಯವರೇ, ಹೈಸ್ಕೂಲಲ್ಲಿ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಆಗಿದ್ದ ಒಬ್ಬ ಅಮ್ಮ. ನಾನು ಅಸಿಸ್ಟೆಂಟು. ಹಾಸನದ ಕಡೆ ಸ್ಕೂಲಲ್ಲಿ ಥ್ರೋಬಾಲು ಖೋಖೋ ಆಡಿದ್ದು ಬಿಟ್ರೆ ನನಗೆ ಬೇರೆ ಅರ್ಹತೆ ಏನೂ ಇಲ್ಲ, ವಾಲಂಟಿಯರ್ ಯಾರೂ ಸಿಗದೆ ಇದ್ದಾಗ ಕೈ ಎತ್ತಿದೆ ಅಷ್ಟೇ.

ಸೋಲೋ ಟೀಮಿಗೆ ಎಲ್ಲರೂ ಹೇಳೋದು ಒಂದೇ ಮಾತು, ಗೆಲುವು ಮುಖ್ಯ ಅಲ್ಲ ಪುಟ್ಟಿ, ಆಡೋದು ಮುಖ್ಯ ಅಂತ. ಈ ಮಾತನ್ನ ಒಂಬತ್ತು ವರ್ಷದ ಮಗು ನಂಬಲ್ಲ ಕಣ್ರೀ. ಸ್ಕೋರ್‌ಬೋರ್ಡ್ ಅವರಿಗೂ ಓದೋಕೆ ಬರತ್ತೆ. ಆದ್ರೆ ಸೀಸನ್ ಪೂರ್ತಿ ಡಗೌಟಲ್ಲಿ ಕೂತು ನೋಡಿದ ಮೇಲೆ ನನಗನ್ನಿಸಿದ್ದು ಏನಂದ್ರೆ, ಸೋತಿದ್ದಕ್ಕೆ ಅವರು ಅಳೋದು ಹತ್ತು ನಿಮಿಷ, ಸ್ನ್ಯಾಕ್ಸ್ ಡಬ್ಬ ಓಪನ್ ಆಗೋವರೆಗೆ. ಮನೆಗೆ ಹೋಗಿ ಅಮ್ಮಾ ನಾನಿನ್ನು ಬರಲ್ಲ ಅನ್ನೋದು ಬೇರೆ ಎರಡು ಕಾರಣಕ್ಕೆ, ಒಂದು ಬಾಲಿನ ಭಯ, ಇನ್ನೊಂದು ಸುಮ್ನೆ ನಿಂತು ನಿಂತು ಬೋರಾಗೋದು.

ಭಯದ ವಿಷ್ಯ ಮೊದಲು. ಈ ವಯಸ್ಸಲ್ಲೇ ಮಕ್ಕಳೇ ಪಿಚಿಂಗ್ (ಬ್ಯಾಟ್ ಮಾಡೋಳಿಗೆ ಬಾಲ್ ಎಸೆಯೋದು) ಮಾಡೋಕೆ ಶುರು ಮಾಡೋದು, 35 ಅಡಿ ದೂರದಿಂದ, ಬಾಲು 11 ಇಂಚು ಸುತ್ತಳತೆ. ಕಲಿಯೋ ಪಿಚರ್ ಕೈಯಿಂದ ಬಾಲು ಎಲ್ಲಿಗೆ ಹೋಗತ್ತೆ ಅಂತ ದೇವರಿಗೇ ಗೊತ್ತು. ಏಪ್ರಿಲಲ್ಲಿ ಇಲ್ಲಿ ಇನ್ನೂ ಚಳಿ, ಬ್ಯಾಟಿಗೆ ಸರಿಯಾಗಿ ತಗಲದೆ ಹೋದ್ರೆ ಅಂಗೈ ಜುಮ್ ಅಂತ ಉರಿಯತ್ತೆ, ಮೈಗೆ ಬಿದ್ರಂತೂ ಕೇಳೋದೇ ಬೇಡ. ನಮ್ಮಲ್ಲಿ ಒಬ್ಬಳಿಗೆ ಪಕ್ಕೆಗೆ ಏಟು ಬಿತ್ತು, ಆಮೇಲೆ ಅವಳು ಬ್ಯಾಟಿಂಗಿಗೆ ನಿಂತ್ರೆ ಒಂದು ಕಾಲು ಯಾವಾಗ್ಲೂ ಬ್ಯಾಟ್ ಮಾಡೋರು ನಿಲ್ಲೋ ಬಾಕ್ಸಿಂದ ಆಚೆ. ಅವಳಿಗೆ ಹೋಗಿ ಧೈರ್ಯವಾಗಿರಮ್ಮ ಅಂದ್ರೆ ಏನು ಪ್ರಯೋಜನ? ಹೆಡ್ ಕೋಚ್ ಮಾಡಿದ್ದು ಇಷ್ಟು, ಒಂದು ಬಕೆಟ್ ತುಂಬಾ ಟೆನಿಸ್ ಬಾಲ್ ತಂದು, ಬೇಕಂತಲೇ ಹುಡುಗೀರ ಮೈಗೆ ಎಸೆಯೋಕೆ ಶುರು ಮಾಡಿದ್ರು. ಬಾಲು ಮೈ ಮೇಲೆ ಬಂದ್ರೆ ಎದೆ ತೆರ್ಕೊಂಡು ಹಿಂದಕ್ಕೆ ಹಾರಬಾರದು, ಕ್ಯಾಚರ್ ಕಡೆ ತಿರುಗಿ, ಗದ್ದ ಎದೆಗೆ ಒತ್ಕೊಂಡು, ಬೆನ್ನು ಕೊಡಬೇಕು. ಇದನ್ನೇ ಆಟ ಮಾಡಿದ್ರು, ಯಾರು ಚೆನ್ನಾಗಿ ತಿರುಗ್ತಾರೆ ಅಂತ. ಕೊನೆಗೆ ಹುಡುಗೀರೆಲ್ಲ ಸೇರಿ ಕೋಚ್‌ಗಳಿಗೆ ಹೊಡೀಬೇಕು ಅಂತ ಹಠ ಹಿಡಿದ್ರು, ನನ್ನ ಬೆನ್ನಿಗೂ ಸರಿಯಾಗೇ ಬಿತ್ತು. ಏಟು ತಿಂದ ಹುಡುಗಿ ಎಲ್ಲರಿಗಿಂತ ಜೋರಾಗಿ ನಗ್ತಿದ್ದಳು. ಕಾಲು ಬಾಕ್ಸ್ ಒಳಗೆ ಬರೋಕೆ ಇನ್ನೂ ಕೆಲವು ವಾರ ಹಿಡೀತು, ಆದ್ರೆ ಬಂತು.

ಇನ್ನು ಬೋರಾಗೋದು. ಕ್ರಿಕೆಟ್ ನೋಡಿ ಬೆಳೆದೋರಿಗೆ ಇದು ಬೇಗ ಅರ್ಥ ಆಗಲ್ಲ. 10ಯು ಮ್ಯಾಚಲ್ಲಿ ಬ್ಯಾಟಿಗೆ ಬಾಲು ತಾಗೋದೇ ಅಪರೂಪ. ನಾಲ್ಕು ಬಾಲ್ (ಸರಿಯಾದ ಜಾಗಕ್ಕೆ ಬೀಳದ ಎಸೆತ, ನಮ್ಮ ವೈಡ್ ಥರ), ವಾಕ್ (ಬ್ಯಾಟ್ ಮಾಡೋಳು ಸುಮ್ನೆ ಫಸ್ಟ್ ಬೇಸಿಗೆ ನಡೆದು ಹೋಗ್ತಾಳೆ), ಮತ್ತೆ ನಾಲ್ಕು ಬಾಲ್, ವಾಕ್, ಹೀಗೇ ಒಂದೊಂದೇ ಬೇಸ್ ದಾಟಿ ರನ್ ಬರ್ತಾ ಇರತ್ತೆ, ಐದು ರನ್ ಆದ್ರೆ ಇನ್ನಿಂಗ್ಸ್ ಮುಗೀತು ಅಂತ ನಮ್ಮ ಲೀಗಲ್ಲಿ ರೂಲ್ ಇದೆ, ಅದಿಲ್ಲದಿದ್ರೆ ಕತ್ತಲಾದ್ರೂ ಮನೆಗೆ ಹೋಗ್ತಿರಲಿಲ್ಲ. ಅಷ್ಟು ಹೊತ್ತೂ ಬಲಗಡೆ ದೂರದ ರೈಟ್ ಫೀಲ್ಡಲ್ಲಿರೋ ಮಗು ಮದುವೆ ಮನೇಲಿ ಮೂರನೇ ಪಂಕ್ತಿಗೆ ಕಾಯೋರ ಥರ ನಿಂತಿರತ್ತೆ. ಹುಲ್ಲು ಕೀಳತ್ತೆ, ಹೂವು ಕೀಳತ್ತೆ, ಒಂದ್ಸಲ ಒಬ್ಬಳು ಟೋಪಿ ತುಂಬಾ ಹಳದಿ ಡ್ಯಾಂಡೆಲಿಯನ್ ಹೂವು ತುಂಬ್ಕೊಂಡು ಡಗೌಟಿಗೆ ಬಂದು ನನಗೆ ಕೊಟ್ಟಳು. ಬೈಯೋಕೆ ಮನಸ್ಸಾಗುತ್ತಾ ಹೇಳಿ.

ಅದಕ್ಕೆ ನಾವು ಡಗೌಟಲ್ಲಿ ಒಂದು ಪುಟ್ಟ ವೈಟ್‌ಬೋರ್ಡ್ ನೇತುಹಾಕಿದ್ವಿ. ಅದರಲ್ಲಿ ರನ್ ಬರೆಯಂಗಿಲ್ಲ. ಮೊದಲನೇ ಎಸೆತವೇ ಸ್ಟ್ರೈಕ್, ಅಂದ್ರೆ ಸರಿಯಾದ ಜಾಗಕ್ಕೆ, ಬಿದ್ರೆ ಒಂದು ಗೆರೆ, ಸರಿಯಾದ ಬೇಸಿಗೆ ಎಸೆದ್ರೆ ಒಂದು ಗೆರೆ (ಹಿಡಿದ್ರೋ ಬಿಟ್ರೋ ಬೇರೆ ವಿಷ್ಯ), ಬ್ಯಾಕಪ್‌ಗೆ (ಬಾಲ್ ತಪ್ಪಿಹೋದ್ರೆ ಹಿಡಿಯೋಕೆ ಅಂತ ಹಿಂದೆ) ಓಡಿದ್ರೆ ಎರಡು ಗೆರೆ. ಬ್ಯಾಕಪ್‌ಗೆ ಯಾಕೆ ಎರಡು ಅಂದ್ರೆ, ಅದು ಪ್ರತಿಭೆಯ ಕೆಲಸ ಅಲ್ಲ, ಕಾಲಿನ ಕೆಲಸ, ಯಾರು ಬೇಕಾದ್ರೂ ಮಾಡಬಹುದು, ಮೊದಲನೇ ದಿನ ಬಂದೋಳೂ ಮಾಡಬಹುದು. ಮಾರ್ಕರ್ ಒಬ್ಬೊಬ್ಬ ಹುಡುಗಿ ಕೈಗೆ ಸರದಿ ಪ್ರಕಾರ. ಮಾರ್ಕರ್ ಹಿಡಿದೋಳು ಅವತ್ತು ಅಂಪೈರಿಗಿಂತ ಸ್ಟ್ರಿಕ್ಟು.

ಮೇ ತಿಂಗಳ ಒಂದು ಮ್ಯಾಚಲ್ಲಿ ನಮ್ಮ ಶಾರ್ಟ್‌ಸ್ಟಾಪ್ (ಎರಡನೇ ಮೂರನೇ ಬೇಸ್ ಮಧ್ಯೆ ನಿಲ್ಲೋಳು) ಬಾಲ್ ಹಿಡಿದು ಫಸ್ಟ್ ಬೇಸಿಗೆ ಎಸೆದಳು, ಎಂದಿನಂತೆ ಅದು ಫಸ್ಟ್ ಬೇಸ್ ಹುಡುಗಿಯ ತಲೆ ಮೇಲಿಂದ ಹಾರಿಹೋಯ್ತು. ಬೇಲಿ ಹತ್ರ ಹೋಗಿ ಬಾಲ್ ತರೋಷ್ಟರಲ್ಲಿ ಬ್ಯಾಟ್ ಮಾಡಿದೋಳು ಮೂರನೇ ಬೇಸಿಗೆ ಹೋಗಿರ್ತಾಳೆ, ಅದು ನಮಗೆ ಅಭ್ಯಾಸ. ಈ ಸಲ ನೋಡಿದ್ರೆ ಬೇಲಿ ಹತ್ರ ಆಗಲೇ ಯಾರೋ ನಿಂತಿದಾರೆ, ಅದೇ ಹೂವು ಕೀಳೋ ಹುಡುಗಿ! ಬಾಲ್ ಅವಳ ಮೊಣಕಾಲ ಕೆಳಗೆ ಬಡಿದು ನಿಂತಿತು, ಅವಳು ಎತ್ಕೊಂಡು ಸೆಕೆಂಡ್ ಬೇಸಿಗೆ ಎಸೆದಳು, ಮೂರು ಪುಟ ಬಿದ್ದು ಹೋಯ್ತು, ಓಡ್ತಿದ್ದೋಳು ಗಾಬರಿಯಾಗಿ ವಾಪಸ್ ಫಸ್ಟಿಗೇ ಬಂದಳು. ಔಟ್ ಆಗ್ಲಿಲ್ಲ. ಸ್ಕೋರ್‌ಬುಕ್ಕಲ್ಲಿ ಅದಕ್ಕೆ ಬರೆಯೋ ಜಾಗಾನೂ ಇಲ್ಲ. ನಮ್ಮ ಡಗೌಟ್ ಮಾತ್ರ ಗೆದ್ದೋರ ಹಾಗೆ ಕಿರುಚಿತು, ಎದುರಿನ ಟೀಮಿನ ಅಪ್ಪ ಅಮ್ಮಂದಿರು ಏನಾಯ್ತು ಅಂತ ಒಬ್ಬರ ಮುಖ ಒಬ್ಬರು ನೋಡಿದ್ರು.

ಕಿರುಚೋದು ಅಂದ್ರೆ ನೆನಪಾಯ್ತು. ಸಾಫ್ಟ್‌ಬಾಲಲ್ಲಿ ಡಗೌಟ್ ಹಾಡು ಅಂತ ಒಂದು ಸಂಪ್ರದಾಯ ಇದೆ, ಬ್ಯಾಟಿಂಗ್ ಮಾಡೋ ಟೀಮಿನ ಹುಡುಗೀರು ಬೇಲಿಗೆ ಒರಗಿಕೊಂಡು ಚಪ್ಪಾಳೆ ಹೊಡ್ಕೊಂಡು ಕೂಗ್ತಾನೇ ಇರ್ತಾರೆ. ನಮ್ಮೋರಿಗೆ ಒಂದೂ ಬರ್ತಿರಲಿಲ್ಲ, ಹೊಸ ಟೀಮಲ್ವಾ. ಒಂದು ಮ್ಯಾಚಲ್ಲಿ ನಮ್ಮ ಹುಡುಗಿ ಫಸ್ಟ್ ಬೇಸಲ್ಲಿ ಯೋಚನೆ ಮಾಡ್ತಾ ನಿಂತಿದ್ದಾಗ ನನ್ನ ಬಾಯಿಂದ ತಾನಾಗೇ ಬಂತು, ಓಡೇ! ಓಡೇ! ಅಂತ. ಅಷ್ಟೇ, ಮುಂದಿನ ಮ್ಯಾಚಿಂದ ಇಡೀ ಡಗೌಟೇ ಓಡೇ ಓಡೇ, ಅದೂ ಚಪ್ಪಾಳೆ ತಾಳಕ್ಕೆ. ಎದುರಿನ ಕೋಚು ಅದೇನೋ ಸೀಕ್ರೆಟ್ ಸಿಗ್ನಲ್ ಅಂದ್ಕೊಂಡಿದ್ರಂತೆ. ನನ್ನ ಮಗಳಿಗೆ ಮೊದಲು ಮುಜುಗರ ಆಯ್ತು, ಆಮೇಲೆ ಅವಳೇ ಎಲ್ಲರಿಗೂ ಉಚ್ಚಾರ ತಿದ್ದೋಕೆ ಶುರು ಮಾಡಿದಳು.

ಸೋತು ಸುಸ್ತಾಗಿದ್ದ ಒಂದು ಪ್ರಾಕ್ಟೀಸಲ್ಲಿ ಹೆಡ್ ಕೋಚ್ ಮಕ್ಕಳಿಗೆ ಸಿಡ್ನಿ ಕಥೆ ಹೇಳಿದ್ರು. 2000ದ ಒಲಿಂಪಿಕ್ಸು. ಅಮೆರಿಕದ ಟೀಮು 1996ರಲ್ಲಿ ಚಿನ್ನ ಗೆದ್ದಿತ್ತು, ಸತತವಾಗಿ 100ಕ್ಕೂ ಹೆಚ್ಚು ಮ್ಯಾಚ್ ಗೆದ್ಕೊಂಡು ಬಂದಿತ್ತು. ಅಲ್ಲಿ ಹೋಗಿ ಜಪಾನಿಗೆ, ಚೀನಾಗೆ, ಆಸ್ಟ್ರೇಲಿಯಾಗೆ ಸಾಲಾಗಿ ಮೂರು ಸೋಲು. ಆವಾಗ ಆಟಗಾರ್ತಿಯರು ಯೂನಿಫಾರ್ಮ್ ಸಮೇತ ಶವರ್ ಕೆಳಗೆ ಹೋಗಿ ನಿಂತು ಕೆಟ್ಟದೃಷ್ಟಿ ತೊಳ್ಕೊಂಡ್ರಂತೆ! ಆಮೇಲೆ ಅದೇ ಮೂರೂ ಟೀಮುಗಳನ್ನ ಸೋಲಿಸಿ, ಫೈನಲಲ್ಲಿ ಜಪಾನ್ ಮೇಲೆ 2-1 ಗೆದ್ದು ಚಿನ್ನ ತಗೊಂಡ್ರು. ಕಥೆ ಮುಗಿಯೋ ಮುಂಚೆನೇ ನಮ್ಮ ಹುಡುಗೀರು ವಾಟರ್ ಬಾಟಲ್ ಮುಚ್ಚಳ ತೆಗೆದಾಗಿತ್ತು, ಎಲ್ಲರೂ ಒಬ್ಬರ ತಲೆ ಮೇಲೆ ಒಬ್ಬರು ಸುರ್ಕೊಂಡು ಒದ್ದೆ ಮುದ್ದೆ. ರಾತ್ರಿ ವಿಡಿಯೋ ಕಾಲಲ್ಲಿ ಅಮ್ಮನಿಗೆ ಹೇಳಿದೆ, ನೀನೂ ಅಲ್ಲಿಂದಲೇ ಉಪ್ಪು ಮೆಣಸಿನಕಾಯಿ ನಿವಾಳಿಸಮ್ಮ ಅಂತ. ಅಮ್ಮ ಕೇಳಿದ್ದು, ಅಲ್ವೇ, ಸೋಲೋ ಟೀಮಿಗೆ ಯಾರ ದೃಷ್ಟಿ ಬೀಳತ್ತೇ?

ಇಷ್ಟರಲ್ಲಿ ನಿಜವಾಗ್ಲೂ ಕಷ್ಟ ಕೊಟ್ಟೋರು ದೊಡ್ಡೋರು. ಬೇಲಿ ಆಚೆಯಿಂದ ಒಬ್ಬರು ಸ್ವಿಂಗ್ ಅಂತಾರೆ, ಇನ್ನೊಬ್ಬರು ಬಿಡು ಅಂತಾರೆ, ನಮ್ಮ ದೇಶದ ಅಪ್ಪಂದಿರು ಬ್ಯಾಟ್ ನೇರ ಹಿಡಿ ಅಂತಾರೆ, ಮಗು ಮೂರೂ ಕೇಳಿಸ್ಕೊಂಡು ಕಂಬದ ಥರ ನಿಂತುಬಿಡತ್ತೆ. ಅದಕ್ಕಿಂತ ಕೆಟ್ಟದ್ದು ಮನೆಗೆ ಹೋಗೋ ದಾರೀಲಿ ಕಾರಲ್ಲಿ ನಡೆಯೋ ಪೋಸ್ಟ್‌ಮಾರ್ಟಮ್. ಹಿಂದಿನ ಸೀಟಲ್ಲಿ ಬೆಲ್ಟ್ ಹಾಕ್ಕೊಂಡು ಕೂತ ಮಗು ಎಲ್ಲಿಗೆ ತಪ್ಪಿಸ್ಕೊಂಡು ಹೋಗಬೇಕು? ಹೆಡ್ ಕೋಚ್ ಅಪ್ಪ ಅಮ್ಮಂದಿರಿಗೆ ಒಂದೇ ಮೆಸೇಜ್ ಕಳಿಸಿದ್ರು, ಕಾರಲ್ಲಿ ಮ್ಯಾಚ್ ಮಾತು ಮಗು ತೆಗೆದ್ರೆ ಮಾತ್ರ, ಇಲ್ಲಾಂದ್ರೆ ಐಸ್‌ಕ್ರೀಮ್ ಎಲ್ಲಿ ತಿನ್ನೋದು ಅಂತ ಮಾತಾಡಿ ಅಂತ. ಎಲ್ಲರೂ ಪಾಲಿಸಿದ್ರು ಅಂತ ಹೇಳಲ್ಲ, ನಮ್ಮನೆಯವರಿಗೇ ನಾನು ಮೊಣಕೈಲಿ ತಿವೀಬೇಕಾಯ್ತು.

ಸೀಸನ್ ಮುಗಿಯೋ ಹೊತ್ತಿಗೆ ಒಂದು ಮ್ಯಾಚ್ ಟೈ ಆಯ್ತು, ಟೈಮ್ ಮುಗಿದಿದ್ದಕ್ಕೆ. ಮುಂದಿನ ವರ್ಷಕ್ಕೆ ಹೆಚ್ಚು ಕಡಿಮೆ ಎಲ್ಲರೂ ಬರ್ತೀವಿ ಅಂದಿದಾರೆ, ಚಳಿಗಾಲದಲ್ಲಿ ಸ್ಕೂಲ್ ಜಿಮ್ಮಲ್ಲಿ ಪಿಚಿಂಗ್ ಕಲಿಯೋಕೆ ಮೂರು ಜನ ಹೆಸರೂ ಕೊಟ್ಟಿದಾರೆ, ಅದರಲ್ಲಿ ಪಕ್ಕೆಗೆ ಏಟು ತಿಂದೋಳೂ ಒಬ್ಬಳು. ಕ್ಯಾಚರ್ ಆಗೋಕೆ ಮಾತ್ರ ಯಾರೂ ಒಪ್ತಿಲ್ಲ, ಆ ಹೆಲ್ಮೆಟ್ಟು ಪ್ಯಾಡೆಲ್ಲ ಹಾಕ್ಕೊಂಡ್ರೆ ಸೆಕೆ ಅಂತೆ, ಮೂಗು ಕೆರ್ಕೊಳ್ಳೋಕೂ ಆಗಲ್ವಂತೆ.