ರೋಮನ್ ಬೆಳ್ಳಿ ನಾಣ್ಯ ಅಸಲಿಯೇ ಎಂದು ತಿಳಿಯುವುದು ಹೇಗೆ?

ನಾಣ್ಯದ ಫೋಟೋ ಕಳಿಸಿ ‘ಇದು ಅಸಲಿಯಾ?’ ಎಂದು ಕೇಳುವವರನ್ನು ನಾನು ಮೊದಲು ಕೇಳುವುದು ಎರಡೇ: ಯಾವ ಚಕ್ರವರ್ತಿಯದು, ತೂಕ ಎಷ್ಟು? ಚಕ್ರವರ್ತಿ ಯಾರೆಂದು ಗೊತ್ತಾಗದೆ ತೂಕ ಏನನ್ನೂ ಹೇಳುವುದಿಲ್ಲ.

ಅಗಸ್ಟಸ್, ಟಿಬೇರಿಯಸ್ ಕಾಲದ ಡೆನಾರಿಯಸ್ (ರೋಮಿನ ಬೆಳ್ಳಿ ನಾಣ್ಯದ ಹೆಸರು) ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ, ತೂಕ 3.7 ಗ್ರಾಂ ಆಸುಪಾಸು. ಕ್ರಿ.ಶ. 64ರ ಸುಮಾರಿಗೆ ನೀರೋ ತೂಕ ಇಳಿಸಿ ತಾಮ್ರ ಬೆರೆಸಿದ. ಸೆಪ್ಟಿಮಿಯಸ್ ಸೆವೆರಸ್ ಬಂದಾಗ ಬೆಳ್ಳಿ ಅರ್ಧದಷ್ಟಕ್ಕೆ ಕುಸಿಯಿತು. ಹಾಗಾಗಿ 3 ಗ್ರಾಂ ತೂಗುವ ಸೆವೆರಸ್ ನಾಣ್ಯ ಸಹಜ. ಹೆಚ್ಚು ಸವೆಯದ ಟಿಬೇರಿಯಸ್ ನಾಣ್ಯ ಅಷ್ಟೇ ತೂಗಿದರೆ ಅನುಮಾನ ಪಡಲೇಬೇಕು. ಯಶವಂತಪುರದಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿದ್ದು ನೀರೋನ ಈ ಕಲಬೆರಕೆಗಿಂತ ಹಿಂದಿನ ಚಕ್ರವರ್ತಿಗಳ ಬೆಳ್ಳಿಯೇ.

ತೂಕ ಕಡಿಮೆಯಾದ ಮಾತ್ರಕ್ಕೆ ಈಗಿನ ನಕಲಿ ಎನ್ನಲಾಗದು. ತಾಮ್ರದ ಬಿಲ್ಲೆಗೆ ಬೆಳ್ಳಿ ತಗಡು ಹೊದಿಸಿದ ಖೋಟಾ ನಾಣ್ಯ ರೋಮಿನಲ್ಲೇ ಇತ್ತು. ತಗಡು ಹರಿದ ಕಡೆ ಹಸಿರು ಕಿಲುಬು ಕಾಣುತ್ತದೆ. ಇದೂ ಪ್ರಾಚೀನವೇ, ಸಂಗ್ರಹಯೋಗ್ಯವೇ. ಆದರೆ ಅಪ್ಪಟ ಬೆಳ್ಳಿಯ ಬೆಲೆ ಕೊಡಬೇಡಿ.

ಆಮೇಲೆ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಅಂಚು ನೋಡಿ. ರೋಮನ್ನರು ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆ ಏಟಿಗೆ ಅಂಚು ಒಮ್ಮೊಮ್ಮೆ ಸೀಳುತ್ತದೆ, ಚಿತ್ರ ಒಂದು ಪಕ್ಕಕ್ಕೆ ಸರಿದಿರುತ್ತದೆ. ಎರಕದ ನಕಲಿಯಲ್ಲಿ ಅಂಚಿನ ಸುತ್ತ ಕೂಡುಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಮೊಂಡಾದ ಅಕ್ಷರಗಳು ಇರುತ್ತವೆ. ಎರಡು ನಾಣ್ಯಗಳಲ್ಲಿ ಗೀರು, ಸೀಳು ಎಲ್ಲ ಒಂದೇ ಜಾಗದಲ್ಲಿದ್ದರೆ ಒಂದಾದರೂ ನಕಲು. ಒಂದೇ ಅಚ್ಚಿನಿಂದ ಬಂದ ಅಸಲಿಗಳಲ್ಲಿ ಚಿತ್ರ ಒಂದಾಗಿರುತ್ತದೆ, ಬಿಲ್ಲೆಯ ಆಕಾರ ಒಂದಾಗಿರುವುದಿಲ್ಲ.

ನೀರಿನಲ್ಲಿ ಸಾಂದ್ರತೆ ಅಳೆಯುವುದಾದರೆ 0.01 ಗ್ರಾಂ ತಕ್ಕಡಿ ಸಾಲದು. 3.50 ಗ್ರಾಂ ನಾಣ್ಯ ನೀರಿನಲ್ಲಿ ಕಳೆದುಕೊಳ್ಳುವ ತೂಕ ಸುಮಾರು 0.34 ಗ್ರಾಂ, 3.50 ಅನ್ನು ಅದರಿಂದ ಭಾಗಿಸಿದರೆ ಸಾಂದ್ರತೆ 10.29. ಅದು 0.35 ಎಂದು ತೋರಿದರೆ ಉತ್ತರ 10.0ಕ್ಕೆ ಇಳಿಯುತ್ತದೆ, ಒಳ್ಳೆಯ ಬೆಳ್ಳಿಯೇ ಕಲಬೆರಕೆಯಂತೆ ಕಾಣುತ್ತದೆ. 0.001 ಗ್ರಾಂ ತಕ್ಕಡಿಯನ್ನೇ ಬಳಸಿ. ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆಗಳನ್ನು ಮೊದಲು ಕುಂಚದಿಂದ ಸವರಿ ತೆಗೆಯಿರಿ. ಅಯಸ್ಕಾಂತಕ್ಕೆ ಅಂಟಲಿಲ್ಲ ಎಂದು ನಂಬಬೇಡಿ, ತಾಮ್ರ ಸೀಸಗಳೂ ಅಂಟುವುದಿಲ್ಲ.

ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುವ ಪರೀಕ್ಷೆಯಂತೂ ಬೇಡವೇ ಬೇಡ. ಎರಡು ಸಾವಿರ ವರ್ಷದಲ್ಲಿ ಬೆಳ್ಳಿ ಒಳಗೊಳಗೇ ಪೆಡಸಾಗಿ, ಬಿದ್ದರೆ ಹೋಳಾಗಬಹುದು. ದೇವರ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಲೂಬೇಡಿ. ಪರೀಕ್ಷೆಗೆ ಬೇಕಾದ ಗುರುತುಗಳೆಲ್ಲ ಆ ಮೇಲ್ಮೈಯಲ್ಲೇ ಇರುವುದು.