ಮೂರು ಕೊಟೇಶನ್ ಬಂದ ತಕ್ಷಣ ಕಾಂಪಿಟೇಶನ್ ಇದೆ ಅಂತಲ್ಲ

ಚಿಕ್ಕಮಗಳೂರಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದ್ರೆ ತೋಟದಿಂದ ಬಂದ ಕಾಫಿಯ ಸಿಪ್ಪೆ ತೆಗೆದು ಬೇಳೆ ವಿಂಗಡಿಸೋ ಕಾರ್ಖಾನೆಯಲ್ಲಿ, ಪರ್ಚೇಸ್ ಸೆಕ್ಷನ್ ನೋಡ್ಕೊಳ್ತೀನಿ. ಗೋಣಿಚೀಲ, ಮಿಷಿನ್ ಬೆಲ್ಟು, ಲಾರಿ ಬಾಡಿಗೆ, ಎಲ್ಲದಕ್ಕೂ ಕೊಟೇಶನ್ ಕರೆದು ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಹಾಕಿ ಮ್ಯಾನೇಜರ್ ಟೇಬಲ್ಲಿಗೆ ಇಡೋದು ನನ್ ಕೆಲಸ. ನಮ್ಮಂಥ ಆಫೀಸುಗಳಲ್ಲಿ ಒಂದು ನಂಬಿಕೆ ಬೇರೂರಿಬಿಟ್ಟಿದೆ, ಫೈಲಲ್ಲಿ ಮೂರು ಕೊಟೇಶನ್ ಇದ್ರೆ ಸಾಕು, ಕಡಿಮೆ ಹಾಕಿದೋನಿಗೆ ಕೊಟ್ರೆ ಮುಗೀತು, ಆಡಿಟ್‌ನೋರೂ ಕೇಳಲ್ಲ ಅಂತ. ಈ ನಂಬಿಕೆ ಎಷ್ಟು ಪೊಳ್ಳು ಅನ್ನೋದು ಮಂಗಳೂರು ಬಂದರಿಗೆ ಲಾರಿ ಟೆಂಡರ್ ಕರೆದಾಗ ಕಣ್ಣಿಗೇ ಬಿತ್ತು.

ಮೂರು ಕವರ್ ಬಂದಿತ್ತು, ಮೂರು ಬೇರೆ ಬೇರೆ ಲೆಟರ್‌ಹೆಡ್, ಬೇರೆ ಸೀಲು. ಆದ್ರೆ ಮೂರರಲ್ಲೂ ಕೊನೇ ಸಾಲಲ್ಲಿ ಅನ್‌ಲೋಡಿಂಗ್ ಅನ್ನೋದನ್ನ ಅನ್‌ಲೋಂಡಿಂಗ್ ಅಂತ ಟೈಪ್ ಮಾಡಿದ್ರು. ಒಬ್ಬರು ತಪ್ಪು ಮಾಡ್ಬೋದು, ಮೂರು ಜನ ಅದೇ ಜಾಗದಲ್ಲಿ ಅದೇ ತಪ್ಪು ಮಾಡೋದು ಹೇಗೆ? ಇಎಂಡಿಗೆ, ಅಂದ್ರೆ ಟೆಂಡರ್ ಜೊತೆ ಇಡೋ ಠೇವಣಿಗೆ, ಲಗತ್ತಿಸಿದ ಡಿಡಿಗಳನ್ನ (ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟ್) ಪಕ್ಕಪಕ್ಕ ಇಟ್ಟು ನೋಡಿದ್ರೆ ಒಂದೇ ಬ್ಯಾಂಕು, ಒಂದೇ ಬ್ರಾಂಚು, ನಂಬರ್ ಒಂದರ ಹಿಂದೆ ಒಂದು. ರೇಟೂ ಅಷ್ಟೇ, ಮೊದಲನೆಯವರಿಗಿಂತ ಎರಡನೆಯವರು ಟನ್ನಿಗೆ ಸರಿಯಾಗಿ ಐವತ್ತು ರೂಪಾಯಿ ಜಾಸ್ತಿ, ಅವರಿಗಿಂತ ಮೂರನೆಯವರು ಮತ್ತೆ ಐವತ್ತು ಜಾಸ್ತಿ. ಹಳೇ ಫೈಲ್ ತೆಗೆಸಿದೆ. ಒಂದು ಸೀಸನ್ ಒಬ್ಬರು ಎಲ್-1 (ಎಲ್ಲರಿಗಿಂತ ಕಡಿಮೆ ರೇಟ್ ಹಾಕಿದೋರು), ಮುಂದಿನ ಸೀಸನ್ ಇನ್ನೊಬ್ಬರು, ಸರದಿ ಪ್ರಕಾರ. ಆದ್ರೂ ನನಗೆ ಖಾತ್ರಿ ಆಗಿದ್ದು ಸೆಕ್ಯುರಿಟಿ ಹತ್ರ ಇರೋ ಗೇಟ್ ಪಾಸ್ ಬುಕ್ ನೋಡಿದಾಗ. ಹಿಂದಿನ ಟೆಂಡರಲ್ಲಿ ಸೋತೋರ ಕೆಎ 18 ಲಾರಿಗಳೇ ಗೆದ್ದೋರ ಹೆಸರಲ್ಲಿ ಇಡೀ ಸೀಸನ್ ನಮ್ಮ ಲೋಡ್ ಹೊತ್ತಿದ್ವು.

ರೇಟ್ ಹತ್ತಿರ ಹತ್ತಿರ ಇದೆ ಅಂದ ಮಾತ್ರಕ್ಕೆ ಕಳ್ಳತನ ಅನ್ನೋಕೆ ಆಗಲ್ಲ, ಇದನ್ನ ಒತ್ತಿ ಹೇಳ್ಬೇಕು. ಡೀಸೆಲ್ ಎಲ್ಲರಿಗೂ ಒಂದೇ ಬೆಲೆ, ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದ್ರೆ ಎಲ್ಲರಿಗೂ ಸುತ್ತು ದಾರಿನೇ. ನಮ್ಮ ಕಾಫಿನೇ ತಗೊಳ್ಳಿ, ಅರೇಬಿಕಾಗೆ ನ್ಯೂಯಾರ್ಕ್ ಮಾರ್ಕೆಟ್, ರೋಬಸ್ಟಾಗೆ ಲಂಡನ್ ಮಾರ್ಕೆಟ್ ನೋಡ್ಕೊಂಡು ಇಲ್ಲಿ ವ್ಯಾಪಾರಸ್ಥರು ರೇಟ್ ಹೇಳ್ತಾರೆ, ಹಾಗಾಗಿ ಎಲ್ಲರ ರೇಟೂ ಆಸುಪಾಸಲ್ಲೇ ಇರುತ್ತೆ, ಅದು ಒಳಒಪ್ಪಂದ ಅಲ್ಲ. ಕಾನೂನು ಹುಡುಕೋದು ರೇಟಿನ ಹಿಂದೆ ಮಾತುಕತೆ ಆಗಿದೆಯಾ ಅಂತ.

ಆ ಕಾನೂನು ಅಂದ್ರೆ 2002ರ ಸ್ಪರ್ಧಾ ಕಾಯ್ದೆ. ಮೊದಲು ಏಕಸ್ವಾಮ್ಯ ತಡೆಯೋಕೆ 1969ರ ಎಂಆರ್‌ಟಿಪಿ ಕಾಯ್ದೆ ಇತ್ತು, ಆಗ ಕಂಪನಿ ದೊಡ್ಡದಾಗಿ ಬೆಳೆಯೋದರ ಮೇಲೇ ಸರ್ಕಾರದ ಕಣ್ಣು. ಈಗ ದೊಡ್ಡದಾಗೋದು ತಪ್ಪಲ್ಲ, ಆ ಬಲ ಇಟ್ಕೊಂಡು ಬೇರೆಯವರ ದಾರಿ ಮುಚ್ಚೋದು ತಪ್ಪು, ಅದು ಸೆಕ್ಷನ್ 4. ಗೂಗಲ್‌ಗೆ 2022ರಲ್ಲಿ ಆಂಡ್ರಾಯ್ಡ್ ವಿಷಯಕ್ಕೆ ಈ ಕಾಯ್ದೆ ಜಾರಿ ಮಾಡೋ ಸ್ಪರ್ಧಾ ಆಯೋಗ 1337.76 ಕೋಟಿ ರೂಪಾಯಿ ದಂಡ ಹಾಕಿದ್ದು ಇದರ ಕೆಳಗೇ. ಪೇಪರಲ್ಲಿ ಇಂಥವೇ ಬರೋದರಿಂದ ಏಕಸ್ವಾಮ್ಯ ಅಂದ್ರೆ ದೊಡ್ಡ ದೊಡ್ಡ ಕಂಪನಿಗಳ ವಿಷಯ, ನಮಗೇನು ಸಂಬಂಧ ಅಂದ್ಕೊಂಡು ಸುಮ್ಮನಾಗ್ತೀವಿ. ಮೂರು ಸಣ್ಣ ಪಾರ್ಟಿಗಳು ಒಳಗೊಳಗೇ ಒಂದಾದ್ರೆ ನಮ್ಮ ಗೇಟಿನ ಮುಂದೆ ಏಕಸ್ವಾಮ್ಯವೇ ಆಗೋದು, ಕೊಂಡುಕೊಳ್ಳೋರಿಗೆ ಬೇರೆ ದಾರಿನೇ ಇರಲ್ಲ. ಇದಕ್ಕೆ ಸೆಕ್ಷನ್ 3 ಇದೆ, 2009ರ ಮೇ 20ರಿಂದ ಜಾರಿ. ರೇಟ್ ಫಿಕ್ಸ್ ಮಾಡೋದು, ಏರಿಯಾ ಹಂಚ್ಕೊಳ್ಳೋದು, ಟೆಂಡರ್ ಮ್ಯಾನೇಜ್ ಮಾಡೋದು, ಇವು ಸಾಬೀತಾದ್ರೆ ಮಾರುಕಟ್ಟೆಗೆ ಹಾನಿ ಆಗಿದೆ ಅಂತಲೇ ಕಾನೂನು ಲೆಕ್ಕಕ್ಕೆ ತಗೊಳ್ಳುತ್ತೆ, ಇಲ್ಲ ಅಂತ ತೋರಿಸೋ ಭಾರ ಮಾಡಿದೋರದ್ದೇ. ಇಂಥ ಒಳಒಪ್ಪಂದದ ಗುಂಪಿಗೆ, ಅಂದ್ರೆ ಕಾರ್ಟೆಲ್‌ಗೆ, ಅದನ್ನ ನಡೆಸಿದ ಪ್ರತಿ ವರ್ಷಕ್ಕೂ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇ. 10, ಯಾವುದು ಜಾಸ್ತಿಯೋ ಅಲ್ಲೀವರೆಗೂ ದಂಡ ಹಾಕ್ಬೋದು. ಸರ್ಕಾರಿ ಟೆಂಡರಿಗೆ ಮಾತ್ರ ಅಂತಿಲ್ಲ, ನಮ್ಮಂಥ ಖಾಸಗಿ ಸಂಸ್ಥೆ ಕರೆದಿದ್ದಕ್ಕೂ ಅನ್ವಯ.

ಗೋಡೌನಲ್ಲಿ ಹುಳ ಬೀಳದ ಹಾಗೆ ಇಡೋ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗೋಡೌನ್ ನೋಡ್ಕೊಳ್ಳೋರಿಗೆಲ್ಲ ಗೊತ್ತು. 2009ರಲ್ಲಿ ಭಾರತೀಯ ಆಹಾರ ನಿಗಮ ಅದಕ್ಕೆ ಟೆಂಡರ್ ಕರೆದಾಗ ಮೂರು ಕಂಪನಿಗಳು ಹಾಕಿದ್ದು ಒಂದೇ ರೇಟು, ಕಿಲೋಗೆ 388 ರೂಪಾಯಿ. ಕಾಕತಾಳೀಯ ಅಂತ ವಾದ ಮಾಡಿದ್ರು. ಆಯೋಗ 2012ರಲ್ಲಿ ಒಪ್ಪಲಿಲ್ಲ, 2017ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ದಂಡವನ್ನ ಮಾತ್ರ ಇಡೀ ಕಂಪನಿ ವಹಿವಾಟಿನ ಮೇಲಲ್ಲ, ಆ ಮಾತ್ರೆಯ ವಹಿವಾಟಿನ ಮೇಲೆ ಲೆಕ್ಕ ಹಾಕಿ ಅಂದಿತು, ಆಮೇಲೆ 2023ರ ತಿದ್ದುಪಡಿ ಅದನ್ನೂ ಬದಲಾಯಿಸಿ ಒಟ್ಟು ವಹಿವಾಟಿಗೇ ತಂದಿದೆ.

ನಮ್ಮಲ್ಲಿ ಮ್ಯಾನೇಜರ್ ಸಾಹೇಬ್ರು ಡಿಡಿಗಳನ್ನ ನೋಡಿದ ದಿನವೇ ಟೆಂಡರ್ ಕ್ಯಾನ್ಸಲ್ ಮಾಡಿಸಿದ್ರು. ಸಾಯಂಕಾಲನೇ ಆ ಮೂವರಲ್ಲಿ ಒಬ್ಬರು ಫೋನ್ ಮಾಡಿದ್ರು. "ಏನ್ ಸಾರ್ ಹಿಂಗ್ ಮಾಡ್ಬಿಟ್ರಿ, ಸಂಘದಲ್ಲಿ ಕೂತು ಮಾತಾಡ್ಕೊಂಡಿದೀವಿ, ಎಲ್ರಿಗೂ ಹೊಟ್ಟೆಪಾಡು ಅಲ್ವಾ" ಅಂದ್ರು. ಅವರು ಕಷ್ಟ ಹೇಳ್ಕೊಂಡಿದ್ದು ಸುಳ್ಳಲ್ಲ. ಲಾರಿ ಸಾಲದ ಕಂತು, ಟೈರು, ಡ್ರೈವರ್ ಬಾಟಾ, ಸೀಸನ್ ಬಿಟ್ರೆ ಲೋಡೇ ಇಲ್ಲ, ಇದೆಲ್ಲ ನಾನೂ ದಿನಾ ನೋಡ್ತೀನಿ. ಆದ್ರೆ ಸಂಘ ಅನ್ನೋ ಹೆಸರು ಕಾನೂನಿಂದ ಕಾಪಾಡಲ್ಲ. ಪಂಜಾಬಿನ ಕೀರತ್‌ಪುರ ಸಾಹಿಬ್‌ನಲ್ಲಿ ಲಾರಿ ಮಾಲೀಕರ ಸಹಕಾರ ಸಂಘ ಹೊರಗಿನ ಲಾರಿ ಲೋಡ್ ಎತ್ತೋಕೆ ಬಿಡ್ತಿರಲಿಲ್ಲ, ಅದು ತಪ್ಪು ಅಂತ ಆಯೋಗ 2015ರಲ್ಲೇ ಆದೇಶ ಕೊಟ್ಟಿದೆ. ಫೋನ್ ಮಾಡಿದೋರಿಗೆ ನಾನು ಹೇಳಿದ್ದು ಇಷ್ಟೇ, ಅಣ್ಣ, ಮೂವರೂ ಸೇರಿ ಒಂದೇ ಕವರಲ್ಲಿ ಜಂಟಿಯಾಗಿ ಹಾಕಿ, ಮುಚ್ಚುಮರೆ ಬೇಡ, ಸೇರಿದ್ದರಿಂದ ಲಾರಿ ಸಾಲ್ದೆ ಇರೋ ಸಮಸ್ಯೆ ತಪ್ಪಿ ಖರ್ಚು ನಿಜವಾಗ್ಲೂ ಇಳಿಯೋ ಹಾಗಿದ್ರೆ ಅಂಥ ಜಂಟಿ ವ್ಯವಹಾರಕ್ಕೆ ಕಾಯ್ದೆಯಲ್ಲೇ ಜಾಗ ಇದೆ. ಮೂರು ಜನ ಬೇರೆ ಬೇರೆ ಅಂತ ನಂಬಿಸೋದಕ್ಕೆ ಮಾತ್ರ ಇಲ್ಲ. ಅವರು ಆಗ ಏನೂ ಹೇಳಲಿಲ್ಲ, ಆದ್ರೆ ಎರಡನೇ ಸಲ ಬಂದಿದ್ದು ಜಂಟಿ ಕವರೇ.

ರೀಟೆಂಡರಿಗೆ ಮುಂಚೆ ಷರತ್ತುಗಳನ್ನ ಕೂತು ಓದಿದ್ವಿ, ನನ್ನ ಪ್ರಕಾರ ಅರ್ಧ ಸಮಸ್ಯೆ ಅಲ್ಲೇ ಇತ್ತು. ಚಿಕ್ಕಮಗಳೂರಲ್ಲಿ ಆಫೀಸ್ ಇರ್ಬೇಕು, ಸ್ವಂತ ಹೆಸರಲ್ಲಿ ಇಷ್ಟು ಲಾರಿ ಇರ್ಬೇಕು ಅಂತ ಎಷ್ಟೋ ವರ್ಷದಿಂದ ಹಾಗೇ ನಡ್ಕೊಂಡು ಬಂದಿತ್ತು. ಮಂಗಳೂರಿಂದ ತೋಟಗಳಿಗೆ ಗೊಬ್ಬರ ಹೊತ್ಕೊಂಡು ಘಾಟಿ ಹತ್ತೋ ಲಾರಿಗಳು ವಾಪಸ್ ಖಾಲಿ ಇಳೀತವೆ. ರಿಟರ್ನ್ ಲೋಡ್ ಸಿಕ್ಕಿದ್ರೆ ಅವರಿಗೆ ಬಂದಿದ್ದೇ ಲಾಭ, ಹಾಗಾಗಿ ಕಡಿಮೆಗೆ ಒಪ್ತಾರೆ, ಆದ್ರೆ ನಮ್ಮ ಷರತ್ತು ಅವರನ್ನ ಗೇಟಿಂದಾಚೆನೇ ನಿಲ್ಲಿಸಿತ್ತು. ಅದನ್ನ ತೆಗೆದ್ವಿ. ಹಾಸನ, ಸಕಲೇಶಪುರ, ಮಂಗಳೂರಿನೋರಿಗೂ ಎನ್‌ಕ್ವೈರಿ ಕಳಿಸಿದ್ವಿ. ಯಾರ್ ಯಾರು ಫಾರಂ ತಗೊಂಡಿದಾರೆ ಅಂತ ಕೇಳಿದ್ರೆ ಯಾರಿಗೂ ಹೇಳೋ ಹಾಗಿಲ್ಲ ಅಂತ ಕೌಂಟರ್ ಹುಡುಗನಿಗೆ ಕಟ್ಟುನಿಟ್ಟಾಗಿ ಹೇಳಿದ್ವಿ. ರೇಟಿನ ವಿಷಯ ಬೇರೆ ಬಿಡ್ಡರ್ ಜೊತೆ ಮಾತಾಡಿಲ್ಲ, ಸೋತೋರಿಗೆ ಸಬ್‌ಕಾಂಟ್ರಾಕ್ಟ್ ಕೊಡಲ್ಲ ಅಂತ ಪ್ರತಿಯೊಬ್ಬರ ಹತ್ರನೂ ಮುಚ್ಚಳಿಕೆ ಬರೆಸ್ಕೊಂಡ್ವಿ. ಮಂಗಳೂರಿನ ಒಬ್ಬರಿಗೆ ಹೋಯ್ತು, ಮೊದಲಿನ ಎಲ್-1ಗಿಂತ ಚೆನ್ನಾಗೇ ಕಡಿಮೆ ರೇಟು. ಜಂಟಿಯಾಗಿ ಹಾಕಿದೋರಿಗೆ ತೋಟದಿಂದ ಕ್ಯೂರಿಂಗ್‌ಗೆ ತರೋ ಲೋಡ್ ಸಿಕ್ತು, ತೋಟದ ಕಚ್ಚಾ ರಸ್ತೆ, ತೋಟದ ಲೆಕ್ಕ ಬರೆಯೋ ರೈಟರುಗಳ ಪರಿಚಯ ಎಲ್ಲ ಅವರಿಗೇ ಗೊತ್ತಿರೋದು, ಅಲ್ಲಿ ಅವರ ರೇಟನ್ನ ಹೊರಗಿನೋರು ಮುಟ್ಟೋಕೆ ಆಗಲಿಲ್ಲ.

ಪರ್ಚೇಸಲ್ಲಿ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಕವರ್ ಒಡೆದ ಮೇಲೆ ಕವರನ್ನ ಬಿಸಾಡ್ಬೇಡಿ, ಡಿಡಿ ಜೆರಾಕ್ಸ್ ಇಟ್ಕೊಳ್ಳಿ, ಗೇಟ್ ಪಾಸ್ ಬುಕ್ ಜೋಪಾನ ಮಾಡಿ. ದೂರು ಕೊಡೋ ಮಟ್ಟಕ್ಕೆ ಹೋದ್ರೆ ಯಾರು ಬೇಕಾದ್ರೂ ಫೀ ಕಟ್ಟಿ ಸ್ಪರ್ಧಾ ಆಯೋಗಕ್ಕೆ ಮಾಹಿತಿ ಕೊಡ್ಬೋದು, ಆದ್ರೆ ಈಗ ತಿದ್ದುಪಡಿ ಆದ್ಮೇಲೆ ಮೂರು ವರ್ಷದ ಒಳಗೆ ಕೊಡ್ಬೇಕು. ಗುಂಪಲ್ಲಿದ್ದೋರೇ ಮೊದಲು ಬಂದು ಪೂರ್ತಿ ಬಾಯಿ ಬಿಟ್ರೆ ಸೆಕ್ಷನ್ 46ರ ಕೆಳಗೆ ದಂಡ ಪೂರ್ತಿ ಮಾಫಿ ಆಗೋವರೆಗೂ ಅವಕಾಶ ಇದೆ, ಇದನ್ನ ನಿಮ್ಮ ಟೆಂಡರ್ ಫಾರಂನಲ್ಲೇ ಒಂದು ಸಾಲು ಅಚ್ಚು ಹಾಕ್ಸಿ. ಗೋಣಿಚೀಲದ ಟೆಂಡರಿಗೆ ನಾವು ಆಗ್ಲೇ ಹಾಕ್ಸಿದೀವಿ.